ಹೊಟ್ಟೆಯೊಳಗಿನ ಸಿದ್ಧ

ಆರು ತಿಂಗಳು ತುಂಬಿದ ಮೇಲೆ ಹೊಟ್ಟೆಯೊಳಗಿನ ಕೂಸುಗಳು ಮಾತಾಡುವುದು ಆ ಊರಿಗೆ ಹೊಸದೇನಲ್ಲ. ಸೋಮವಾರ ಬೆಳಿಗ್ಗೆ ಬಸುರಿಯರೆಲ್ಲ ಅಂಗನವಾಡಿಯ ಕಟ್ಟೆಯ ಮೇಲೆ ಸಾಲಾಗಿ ಕೂರುವರು; ನರ್ಸಬಾಯಿ ಒಂದು ಪದ ಹೇಳಿದರೆ ಹೊಟ್ಟೆಗಳು ಪಲ್ಲವಿ ಹಿಡಿಯುವವು. ನೀಲಗಂಗೆಯ ಕೂಸು ಮಾತ್ರ ಮೂರು ವಾರದಿಂದ ತುಟಿ ಬಿಚ್ಚಿರಲಿಲ್ಲ.

"ಸಮಾಧಿ ಹತ್ತೈತಿ," ಎಂದಳು ಅತ್ತೆ ಗೌರವ್ವ, ಸೊಸೆಯ ಹೊಟ್ಟೆಗೆ ವಿಭೂತಿ ಬಳಿಯುತ್ತ. "ನಮ್ಮ ಮನ್ಯಾಗ ಸಿದ್ಧ ಹುಟ್ಟತಾನ."

ಆಗಲೇ ನಾಲ್ವರು ಮನೆಗೆ ಬಂದು ಆ ಹೊಟ್ಟೆಯ ಮುಂದೆ ಕಾಯಿ ಒಡೆಸಿಕೊಂಡು ಹೋಗಿದ್ದರು. ಒಬ್ಬನಂತೂ ಕಳೆದುಹೋದ ಎಮ್ಮೆ ಯಾವ ದಿಕ್ಕಿನಲ್ಲಿದೆ ಎಂದು ಕೇಳಿ, ಉತ್ತರಕ್ಕಾಗಿ ಅರ್ಧ ತಾಸು ಕಾದಿದ್ದ.

ಆ ಸೋಮವಾರ ನರ್ಸಬಾಯಿ ನೀಲಗಂಗೆಯ ಪಕ್ಕಕ್ಕೆ ಕುಳಿತು ಮೆಲ್ಲಗೆ ಕೇಳಿದಳು. "ವಾಂತಿಗೆ ಏನ್ ತಗೋತಿ?"

"ಮಠದ ಅಜ್ಜಾರು ಕೊಟ್ಟ ಗಾಂಜಾದ ಉಂಡಿ," ಎಂದಳು ನೀಲಗಂಗೆ. "ಪ್ರಸಾದ ಅಲ್ರೀ ಅದು?"

"ನಿನಗ ಪ್ರಸಾದವ್ವ. ಕೂಸಿಗೆ ಬರೇ ಮಬ್ಬು. ಬೆಳೆಯೋ ತಲಿ ಐತಿ."

ಅಂದೇ ಉಂಡೆ ನಿಂತಿತು. ನೀಲಗಂಗೆ ಇಪ್ಪತ್ತು ದಿನ ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡಳು. ಮೊಮ್ಮಗನ ತಪಸ್ಸು ಕೆಡಿಸಿದಳೆಂದು ಗೌರವ್ವ ಮಾತು ಬಿಟ್ಟಳು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ, ಊಟಕ್ಕೆ ಕೂತಾಗ, ಹೊಟ್ಟೆ ಆಕಳಿಸಿತು.

"ಯವ್ವಾ," ಎಂದಿತು ಕೂಸು.

ನೀಲಗಂಗೆ ತುತ್ತು ಕೆಳಗಿಟ್ಟು, ಪದದ ಮೊದಲ ಸೊಲ್ಲು ಹೇಳಿದಳು. ಕೂಸು ಇಂಪಾಗಿ ಎತ್ತಿಕೊಂಡು ಎರಡು ಸೊಲ್ಲು ಹಾಡಿ, ನಡುವೆಯೇ ನಿಂತಿತು.

"ಯವ್ವಾ, ನಾವೀಗ ಏನ್ ಮಾಡಾಕತ್ತಿದ್ವಿ?"

"ಹಾಡಾಕತ್ತಿದ್ವಿ ಕಂದಾ," ಎಂದು ಅವಳು ಮೊದಲಿನಿಂದ ಹಿಡಿದಳು. ತಟ್ಟೆಯ ಅನ್ನ ಒಣಗುವವರೆಗೆ ಏಳು ಸಲ ಮೊದಲಿನಿಂದ ಹಿಡಿದಳು.