ಮ್ಯಾಟಿನಿಯಲ್ಲಿ ವರಪರೀಕ್ಷೆ

ಹುಡುಗ ಸಿನಿಮಾ ಹೀರೋ. ಹುಣ್ಣಿಮೆ ಬಂದರೆ ತೋಳವಾಗುವ ಪಾತ್ರ. ಸಂಬಂಧ ಹುಡುಕಿದ್ದ ದಲ್ಲಾಳಿ ನಾನೇ ಆದ್ದರಿಂದ, ಉಪ್ಪಿಟ್ಟು ಕಾಫಿಯ ರಗಳೆ ಬೇಡವೆಂದು ಹುಡುಗಿಯ ಮನೆಯವರನ್ನು ನೇರವಾಗಿ ಮ್ಯಾಟಿನಿಗೇ ಕರೆದೊಯ್ದೆ. ಸಿನಿಮಾ ಮುಗಿದಾಗ ಹುಡುಗ ಗೇಟಿನ ಬಳಿ ಬೆವರುತ್ತಾ ಕಾಯುತ್ತಿದ್ದ.

"ಹೆಂಗಿತ್ತು ಸಾರ್?"

"ಅದೆಂಥ ತೋಳ ಕಣಪ್ಪಾ!" ಹುಡುಗಿಯ ತಂದೆ ಮುಖ ಸಿಂಡರಿಸಿದರು. "ಬೆನ್ನಲ್ಲಿ ಜಿಪ್ಪು, ಕಾಲಲ್ಲಿ ಹವಾಯಿ ಚಪ್ಪಲಿ."

"ಬಜೆಟ್ ಕಮ್ಮಿ ಸಾರ್."

"ಆಯ್ತು, ಒಪ್ಪೋಣ. ಆದ್ರೆ ತಿನ್ನೋಕೆ ಬಂದ ತೋಳ, ಮೂರ್ಛೆ ಹೋದ ಹುಡುಗಿ ತಲೆ ಕಲ್ಲಿಗೆ ಬಡಿಯುತ್ತೆ ಅಂತ ಕೈ ಅಡ್ಡ ಕೊಡುತ್ತಾ? ಸೆರಗು ಬೇರೆ ಸರಿಮಾಡ್ತು! ಥಿಯೇಟರೆಲ್ಲ ಬಿದ್ದು ಬಿದ್ದು ನಗ್ತಿತ್ತು. ಇಂಥ ನಟನೆ ನಂಬ್ಕೊಂಡು ಮಗಳನ್ನ ಹೆಂಗಪ್ಪ ಕೊಡ್ಲಿ?"

"ಅಯ್ಯೋ, ಅದು ನಾನಲ್ಲ ಸಾರ್!" ಹುಡುಗ ಗಾಬರಿಯಾದ. "ತೋಳದ ವೇಷದಲ್ಲಿದ್ದಿದ್ದು ಡೂಪು. ಮನುಷ್ಯನಾಗಿರೋ ಸೀನಲ್ಲಿ ಮಾತ್ರ ನಾನು."

ತಂದೆಗೆ ಸಮಾಧಾನವಾಯಿತು. "ಹಂಗಾದ್ರೆ ಪರವಾಗಿಲ್ಲ. ಏನಮ್ಮಾ, ಒಪ್ಪಿಗೆನಾ?"

ಹುಡುಗಿ ನನ್ನ ಕಡೆ ತಿರುಗಿದಳು.

"ಮಾಮಾ, ಆ ತೋಳಕ್ಕೆ ಮದ್ವೆ ಆಗಿದ್ಯಾ?"