ಬೆನ್ನು ಓದುವ ಕ್ಯಾಮೆರಾ

"ಒಂದು ಪುಸ್ತಕ ಕಮ್ಮಿ ಬಂದ್ರೂ ಪೊಲೀಸಿಗೆ ಹೇಳುವುದೇ, ಮಾರಾಯ್ರೆ," ಎಂದರು ಕನ್ನಡ ಸಂಘದ ಅಧ್ಯಕ್ಷ ಮೋಹನದಾಸ್ ಶೆಟ್ಟರು.

ಪೂರ್ವಾ ಮೊಬೈಲನ್ನು ಮೊದಲ ಕಪಾಟಿನ ಎದುರು ಹಿಡಿದಳು. ಆರೋಪ ಬಂದಿದ್ದದ್ದು ಅವಳ ಅಪ್ಪನ ಮೇಲೆ.

ಶಿವಾಜಿನಗರದ ಈ ಹೊರನಾಡ ಸಂಘದ ಗ್ರಂಥಾಲಯವನ್ನು ಅವಳ ಅಪ್ಪ ಮಾರ್ತಾಂಡರಾಯರು ನಿವೃತ್ತಿಯಾದಾಗಿನಿಂದ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಕಳೆದ ವಾರ ಶೆಟ್ಟರು ಲೋಣಾವಳಾದ ಶ್ರೀಮಂತನೊಬ್ಬನ ಬಂಗಲೆಗೆ ಹೋದಾಗ, ಹೊಸ ರಟ್ಟು ಹಾಕಿದ ಅಜ್ಜನ ಕಾಲದ ಕನ್ನಡ ಪುಸ್ತಕಗಳ ಸಾಲನ್ನೇ ಕಂಡಿದ್ದರು. ಅಂಥವು ಇದ್ದದ್ದು ಸಂಘದಲ್ಲಿ ಮಾತ್ರ. ಕೀಲಿಕೈ ಇದ್ದದ್ದು ರಾಯರ ಹತ್ತಿರ.

ಪುಸ್ತಕಗಳ ಬೆನ್ನ ಮೇಲಿನ ಹೆಸರನ್ನು ಕ್ಯಾಮೆರಾದಲ್ಲೇ ಓದಿ, ಪಟ್ಟಿಗೆ ತಾಳೆ ನೋಡಿ, ಕಪಾಟಿನಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ಹೇಳುವ ಆ್ಯಪನ್ನು ಪೂರ್ವಾ ಕಾಲೇಜಿನ ಪ್ರಾಜೆಕ್ಟಿಗೆಂದು ಮಾಡಿದ್ದಳು. ಅದರಿಂದಲೇ ತಪಾಸಣೆ ಆಗಲಿ ಎಂದು ಹಟ ಹಿಡಿದವರು ರಾಯರೇ.

"ಯಾವ್ದನ್ನೂ ಹೊರಗ ತೆಗೀಬ್ಯಾಡವಾ," ಎಂದರು ಅವರು ಮಗಳಿಗೆ. "ಹಳೇ ಹೊಲಿಗಿ, ಬಿಚ್ಚಿ ಹೋಗ್ತಾವ. ಕ್ಯಾಮೆರಾನ ನೋಡ್ಲಿ."

ಶೆಟ್ಟರು ಅವಳ ಹಿಂದೆ ನಿಂತು ಪರದೆಯನ್ನೇ ದಿಟ್ಟಿಸುತ್ತಿದ್ದರು. ಒಂದೊಂದೇ ಬೆನ್ನಿನ ಸುತ್ತ ಹಸಿರು ಚೌಕ ಮೂಡುತ್ತ ಹೋಯಿತು. ಎರಡನೆಯ ಕಪಾಟು ಮುಗಿಯಿತು. ಮೂರನೆಯದರ ಕೊನೆಯ ಸಾಲಿನಲ್ಲಿ ಒಂದರ ಸುತ್ತ ಕೆಂಪು ಬಿತ್ತು.

"ಇದೆಂಥದು?" ಶೆಟ್ಟರ ದನಿ ಏರಿತು.

ರಾಯರು ಗೋಡೆಗೆ ಆತುಕೊಂಡರು. ಪೂರ್ವಾ ದುಪಟ್ಟಾದ ತುದಿಯಿಂದ ಆ ಬೆನ್ನಿನ ಮೇಲಿನ ಧೂಳು ಒರೆಸಿ, ಮತ್ತೆ ಮೊಬೈಲ್ ಹಿಡಿದಳು.

ಹಸಿರು.

ಎಲ್ಲ ಪುಸ್ತಕಗಳೂ ಇದ್ದವು.

ಶೆಟ್ಟರು ರಾಯರ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ರಾಯರೇ. ನಿಮ್ಮಂಥವರ ಮೇಲೆ ಸಂಶಯಪಟ್ಟೆನಲ್ಲ!"

"ಇರ್ಲಿ ಬಿಡ್ರಿ," ಎಂದರು ರಾಯರು. "ಮಗಳು ಉಳಿಸಿದ್ಲು."

ಶೆಟ್ಟರು ಅವರನ್ನು ಚಹಾಕ್ಕೆಂದು ಬಲವಂತದಿಂದ ಹೊರಗೆ ಕರೆದುಕೊಂಡು ಹೋದರು.

ಒಬ್ಬಳೇ ಉಳಿದ ಪೂರ್ವಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಪ್ಪ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಪುಸ್ತಕಗಳಲ್ಲಿ ಒಂದನ್ನಾದರೂ ಓದಬೇಕು ಅನ್ನಿಸಿತು. ದಪ್ಪನೆಯದೊಂದನ್ನು ಆರಿಸಿ, ಹೊಲಿಗೆ ಬಿಚ್ಚೀತೆಂದು ಎರಡೂ ಕೈಯಿಂದ ಮೆಲ್ಲಗೆ ಎಳೆದಳು.

ಅದಕ್ಕೆ ಭಾರವೇ ಇರಲಿಲ್ಲ. ಹಳೆಯ ರಟ್ಟಿನ ಒಳಗೆ ಇದ್ದದ್ದು, ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸಿದ ಥರ್ಮಾಕೋಲ್.