ಕೂವೆಮರದ ಬುಡದ ಹತ್ತು ನಿಮಿಷ

“ಹಲಗೆ ಪೊಳ್ಳಾಗಿದೆ ಅಂತ ಒಂದು ಮಾತು ಹೇಳಿಬಿಡು, ಸಾಕು,” ಎಂದು ಮೇಷ್ಟ್ರು ದೋಣಿ ಮಿಸ್ತ್ರಿಯ ಶೆಡ್ಡಿಗೆ ಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದರು. “ನಮ್ಮ ದೋಣಿಯ ಹಿತ್ತಾಳೆ ದೀಪದ ಮೇಲೆ ನಿನಗೆ ಎಷ್ಟು ವರ್ಷದಿಂದ ಕಣ್ಣು ಅಂತ ಗೊತ್ತು. ಅದು ನಿನಗೇ.”

ಮಿಸ್ತ್ರಿ ಕಾಲ ಬಳಿಯಿದ್ದ ಗೋಣಿಯ ಗಂಟನ್ನು ಮೆಲ್ಲಗೆ ಬೆಂಚಿನಡಿಗೆ ಸರಿಸಿದ. “ಆಯ್ತು ಬಿಡಿ,” ಎಂದು ನಕ್ಕ. ಇವನು ಇಷ್ಟು ಸಲೀಸಾಗಿ ಒಪ್ಪಿದ್ದು ಮೇಷ್ಟ್ರಿಗೆ ಆಶ್ಚರ್ಯವೇ ಆಯಿತು.

ವಿಷಯ ಇಷ್ಟೇ. ಮೇಷ್ಟ್ರ ಹಾಯಿದೋಣಿ ಹಳೆಯ ಕಾಲದ್ದು. ಹಾಯಿ ಏರಿಸುವ ಹಗ್ಗಗಳು ನಡುವಿನ ಹಾಯಿಕಂಬದ, ಅಂದರೆ ಕೂವೆಮರದ, ಬುಡದಲ್ಲೇ ನಿಲ್ಲುತ್ತವೆ. ಏರಿಸಲಿ, ಇಳಿಸಲಿ, ಒಬ್ಬರು ಎದ್ದು ಅಲ್ಲಿಗೇ ಹೋಗಬೇಕು. ಈಗಿನ ದೋಣಿಗಳಲ್ಲಾದರೆ ಹಲಗೆಗೆ ರಾಟೆ ಬಿಗಿದು, ಹಗ್ಗವನ್ನು ಹಿಂದೆ ಚುಕ್ಕಾಣಿಯ ಪಕ್ಕಕ್ಕೇ ತಂದಿರುತ್ತಾರೆ. ಎಪ್ಪತ್ತು ದಾಟಿದ ಅಪ್ಪ ಓಲಾಡುವ ದೋಣಿಯಲ್ಲಿ ಸರ್ಕಸ್ ಮಾಡುವುದು ಬೇಡವೆಂದು ಮಗಳು ಅದೇ ಆಗಬೇಕೆಂದು ಹಟ ಹಿಡಿದಿದ್ದಳು.

ಮೇಷ್ಟ್ರಿಗೆ ಅದು ಸುತರಾಂ ಬೇಡವಾಗಿತ್ತು. ಮೂವತ್ತು ವರ್ಷದಿಂದ ಚುಕ್ಕಾಣಿ ಹೆಂಡತಿಯದು, ಕೂವೆಮರ ತಮ್ಮದು. ಅಲ್ಲಿ ನಿಂತರೆ ಗಾಳಿಯ ಸದ್ದಿಗೆ ಹಿಂದೆ ಚುಕ್ಕಾಣಿ ಹಿಡಿದು ಕೂತವರ ಮಾತು ಕೇಳಿಸುವುದಿಲ್ಲ. ಮೇಷ್ಟ್ರು ಬೇಕೆಂದೇ ಗಂಟು ಬಿಚ್ಚಿ, ಮತ್ತೆ ಕಟ್ಟಿ, ಎರಡು ನಿಮಿಷದ ಕೆಲಸವನ್ನು ಹತ್ತು ನಿಮಿಷ ಎಳೆಯುತ್ತಿದ್ದರು. ಸಂಸಾರಸಾಗರದಲ್ಲಿ ಅವರ ಪಾಲಿಗೆ ಉಳಿದಿದ್ದ ನಡುಗಡ್ಡೆ ಅದೊಂದೇ.

ಹನ್ನೊಂದಕ್ಕೆ ಮಗಳು ತಾಯಿಯೊಂದಿಗೆ ದೋಣಿಯ ಬಳಿಗೆ ಬಂದಳು. ಮೇಷ್ಟ್ರು ನಿವೃತ್ತರಾದರೂ ಪಾಠ ನಿವೃತ್ತವಾಗಿರಲಿಲ್ಲ.

“ನೋಡಮ್ಮ, ಹಗ್ಗ ಒಂದೊಂದು ರಾಟೆ ಸುತ್ತಿದಷ್ಟೂ ಎಳೆಯೋದು ಭಾರ. ಹಾಯಿ ಅರ್ಧಕ್ಕೇ ಸಿಕ್ಕಿಹಾಕ್ಕೊಳ್ಳುತ್ತೆ. ಒಂದು ಸಲ ಏನಾಯ್ತು ಅಂದ್ರೆ...”

“ರೀ,” ಎಂದರು ಹೆಂಡತಿ.

“ನೋಡಿದ್ಯಾ? ಬಾಯಿ ಬಿಡೋಕೂ ಬಿಡಲ್ಲ!” ಎಂದು ಮಗಳಿಗೆ ದೂರು ಕೊಟ್ಟು, ಆ ಒಂದು ಸಲ ಏನಾಯಿತೆಂಬುದನ್ನು ಮೇಷ್ಟ್ರು ಕಾಲು ಗಂಟೆ ವಿವರಿಸಿದರು.

ಮಿಸ್ತ್ರಿ ಸುತ್ತಿಗೆಯಿಂದ ಹಲಗೆಯನ್ನು ತಟ್ಟಿದ. ಗಟ್ಟಿ ಮರದ ಸದ್ದೇ ಬಂತು. ಮಗಳಿಗೆ ಮರದ ಭಾಷೆ ತಿಳಿಯದು, ಪುಣ್ಯ.

“ಪೊಳ್ಳಾಗಿರಬೇಕು, ಅಲ್ವೇನಪ್ಪ?” ಎಂದರು ಹೆಂಡತಿ.

“ಪೂರ್ತಿ ಪೊಳ್ಳು, ಅಮ್ಮಾವ್ರೇ. ರಾಟೆ ಬಿಗಿದ್ರೆ ಕಿತ್ತುಬರುತ್ತೆ.”

ಮೇಷ್ಟ್ರಿಗೆ ಕುಣಿಯಬೇಕೆನ್ನಿಸಿತು, ಕಷ್ಟಪಟ್ಟು ಮುಖ ಸಪ್ಪೆ ಮಾಡಿಕೊಂಡರು. ಮಗಳು ನಿಟ್ಟುಸಿರಿಟ್ಟು, ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಕೂವೆಮರದ ಬಳಿ ಹೋಗಬೇಕೆಂದು ಕಟ್ಟಪ್ಪಣೆ ಮಾಡಿ ಹೊರಟಳು.

ಕೊಟ್ಟ ಮಾತು ಉಳಿಸಿಕೊಳ್ಳಲು ಮೇಷ್ಟ್ರು ದೋಣಿಯೊಳಗೆ ಇಳಿದರು. ದೀಪದ ಕೊಕ್ಕೆ ಖಾಲಿಯಿತ್ತು.

“ಏನೇ, ದೀಪ ಎಲ್ಲಿ?”

“ತಿಕ್ಕಿಸೋಕೆ ಕೊಟ್ಟಿದ್ದೀನಿ ರೀ,” ಎಂದು ದಡದಿಂದ ಉತ್ತರ ಬಂತು.

ಮೇಷ್ಟ್ರು ತಲೆ ಕೆರೆದುಕೊಳ್ಳುತ್ತ ಮಿಸ್ತ್ರಿಯ ಶೆಡ್ಡಿಗೆ ಹೋದರು. “ದೀಪ ದೋಣೀಲಿಲ್ಲ ಕಣಪ್ಪ, ತಿಕ್ಕಿಸೋಕೆ ಹೋಗಿದೆಯಂತೆ. ವಾಪಸ್ ಬರ್ತಿದ್ದ ಹಾಗೇ ನಿನ್ನ ಕೈಗೆ.”

ಮಿಸ್ತ್ರಿ ಬೆಂಚಿನಡಿಯ ಗೋಣಿ ಬಿಚ್ಚಿದ. ಹಿತ್ತಾಳೆ ದೀಪ ಫಳಫಳ ಹೊಳೆಯಿತು.

“ಅಮ್ಮಾವ್ರು ಮೊನ್ನೇನೇ ತಂದ್ಕೊಟ್ರು ಮೇಷ್ಟ್ರೇ, ‘ಹಲಗೆ ಪೊಳ್ಳು ಅಂತ ಹೇಳಿಬಿಡಪ್ಪ, ಹತ್ತು ನಿಮಿಷನಾದ್ರೂ ಅವರ ಪಾಠ ನನ್ನ ಕಿವಿಗೆ ಬೀಳದೆ ಇರ್ಲಿ’ ಅಂತ.”